ಡಾಕ್ಟ್ರಮ್ಮನ ಜಗಲಿ: ಮೊದಲು ಗಡಿಯಾರ, ಆಮೇಲೆ ನೆಂಟರು

ಕಳೆದ ಸಂಚಿಕೆಯಲ್ಲಿ ಬಿಪಿ ಮಾತ್ರೆಯ ಬಗ್ಗೆ ಬರೆಯುತ್ತ, "ಮಾತ್ರೆ ಬಿಟ್ಟವರಿಗೆ ಲಕ್ವ ಹೊಡೆಯುವುದನ್ನು ನೋಡಿ ನೋಡಿ ಸಾಕಾಗಿದೆ" ಎಂದು ಒಂದು ಸಾಲು ಸೇರಿಸಿದ್ದೆ. ಆ ಒಂದು ಸಾಲಿಗೆ ಬಂದಷ್ಟು ಪತ್ರ ಇಡೀ ಬಿಪಿ ಪುರಾಣಕ್ಕೆ ಬರಲಿಲ್ಲ. ಅದಕ್ಕೇ ಈ ಸಲ ಮಂಡಿನೋವು, ಕೂದಲು ಉದುರುವುದು ಎಲ್ಲ ಪಕ್ಕಕ್ಕೆ. ಬರೀ ಲಕ್ವ. ಪುಸ್ತಕದಲ್ಲಿ ಪಾರ್ಶ್ವವಾಯು, ಆಸ್ಪತ್ರೆಯಲ್ಲಿ ಸ್ಟ್ರೋಕ್, ನಮ್ಮ ಮಲೆನಾಡಲ್ಲಿ ಲಕ್ವ. ಮೂರೂ ಒಂದೇ.

ಪ್ರಶ್ನೆ: ನನ್ನ ತಾಯಿಗೆ 66 ವರ್ಷ. ಒಂದು ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚುವಾಗ ಬೆಂಕಿಕಡ್ಡಿ ಮೂರು ಸಲ ಕೈಜಾರಿತು. ಮಾತೂ ಸ್ವಲ್ಪ ತೊದಲಿತು. ಪಿತ್ತ ಏರಿರಬೇಕೆಂದು ನಿಂಬೆ ಪಾನಕ ಕುಡಿಸಿ ಮಲಗಿಸಿದೆವು. ಸಂಜೆ ಏಳಿಸಿದರೆ ಬಲಗಡೆ ಪೂರ್ತಿ ಸ್ವಾಧೀನ ತಪ್ಪಿತ್ತು. ಡಾಕ್ಟ್ರಮ್ಮ, ನಮಗೆ ಬೆಳಿಗ್ಗೆಯೇ ಗೊತ್ತಾಗಬೇಕಿತ್ತೇ?
(ಓದುಗರೊಬ್ಬರು, ಕೊಪ್ಪ)

ಉತ್ತರ: ಗೊತ್ತಾಗಬಹುದಿತ್ತು. ಆದರೆ ಅದನ್ನೇ ಮನಸ್ಸಿಗೆ ಹಚ್ಚಿಕೊಂಡು ಕೊರಗಬೇಡಿ. ಡಾಕ್ಟರು ಇರುವ ಮನೆಯಲ್ಲೇ ಏನಾಯಿತು ಅಂತ ಹೇಳುತ್ತೇನೆ ಕೇಳಿ.

2011ರ ನವೆಂಬರ್. ನಮ್ಮ ಅಕ್ಕನ ಮನೆಯಲ್ಲಿ ಅಡಿಕೆ ಕೊಯ್ಲು. ಬೆಳಿಗ್ಗೆ ಆರೂವರೆಗೆ ಭಾವ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಲೋಟ ಎಡಗೈಯಿಂದ ಜಾರಿ ಬಿತ್ತು. ಅಕ್ಕ ನೆಲ ಒರೆಸಿ ಇನ್ನೊಂದು ಲೋಟ ತಂದುಕೊಟ್ಟರೆ ಅದೂ ಬಿತ್ತು. "ಕೈಗೆ ಏನಾಯ್ತು?" ಅಂದಿದ್ದಕ್ಕೆ "ಏನೂ ಆಗಿಲ್ಲ, ನೀನೇ ಸರಿಯಾಗಿ ಕೊಡ್ಲಿಲ್ಲ" ಎಂದು ರೇಗಿದರಂತೆ. ಭಾವ ಸುಳ್ಳು ಹೇಳಲಿಲ್ಲ. ಮಿದುಳಿನ ಬಲಭಾಗಕ್ಕೆ ಪೆಟ್ಟು ಬಿದ್ದರೆ ಎಡಗಡೆ ಸೋಲುವುದಷ್ಟೇ ಅಲ್ಲ, ಸೋತಿದೆ ಎಂಬ ಅರಿವೂ ಕೆಲವರಿಗೆ ಹೊರಟುಹೋಗುತ್ತದೆ. ಆಮೇಲೆ ಆಸ್ಪತ್ರೆಯಲ್ಲಿ ನಾನು ಅವರ ಎಡಗೈಯನ್ನೇ ಎತ್ತಿ ಹಿಡಿದು "ಇದು ಯಾರದ್ದು ಭಾವ?" ಅಂದರೆ, "ನಿಂದೇ ಇರ್ಬೇಕು" ಅಂದಿದ್ದರು! ಹಾಗಾಗಿ "ನಂಗೇನೂ ಆಗಿಲ್ಲ" ಎಂಬ ರೋಗಿಯ ಮಾತನ್ನು ಪ್ರಮಾಣ ಅಂತ ನಂಬಿ ಕೂರಬೇಡಿ.

ಅಕ್ಕ ನನಗೆ ಫೋನು ಮಾಡಿದ್ದು ಎಂಟು ಗಂಟೆಗೆ, ಅದೂ ಕೊಯ್ಲಿನವರಿಗೆ ತಿಂಡಿ ಬಡಿಸಿ ಮುಗಿದ ಮೇಲೆ. ನಾನು ಡ್ಯೂಟಿಯಲ್ಲಿದ್ದೆ. "ತಡ ಮಾಡ್ಬೇಡಿ, ಹತ್ತಿರದ ಆಸ್ಪತ್ರೆಗೆ ಕರ್ಕೊಂಡು ಹೋಗಿ" ಅಂದೆ. ಹೋದರು. ಅಲ್ಲಿ ಸ್ಕ್ಯಾನ್ ಇರಲಿಲ್ಲ. ಗ್ಲೂಕೋಸ್ ಬಾಟ್ಲಿ ಏರಿಸಿ "ನೋಡೋಣ" ಎಂದು ಮಲಗಿಸಿದರು. ಸ್ಕ್ಯಾನ್ ಇರುವ ಊರು ಮುಟ್ಟುವಾಗ ಹನ್ನೆರಡೂಕಾಲು. ಅಂದರೆ ಲೋಟ ಬಿದ್ದು ಐದೂಮುಕ್ಕಾಲು ಗಂಟೆ, ಲಕ್ವದ ಇಂಜೆಕ್ಷನ್ನಿನ ಹೊತ್ತು ಮೀರಿತ್ತು. ಭಾವ ಈಗಲೂ ಕೋಲು ಹಿಡಿದೇ ನಡೆಯುವುದು. "ಹತ್ತಿರದ ಆಸ್ಪತ್ರೆ" ಎಂಬ ಆ ಮಾತು ಹೇಳಿದವಳು ಮೂವತ್ತು ವರ್ಷ ಸರ್ಕಾರಿ ಕೆಲಸ ಮಾಡಿದ ನಾನೇ.

ಇನ್ನು ಗುರುತಿಸುವುದು ಹೇಗೆ? ಎಲ್ಲಕ್ಕಿಂತ ದೊಡ್ಡ ಗುರುತು "ಇದ್ದಕ್ಕಿದ್ದಂತೆ" ಎಂಬುದು. ನಿನ್ನೆ ರಾತ್ರಿ ಚೆನ್ನಾಗಿದ್ದವರು, ಐದು ನಿಮಿಷದ ಹಿಂದೆ ಪೇಪರು ಓದುತ್ತಿದ್ದವರು, ಈಗ ಹೀಗೆ. ಹೆಚ್ಚಿನವರಿಗೆ ನೋವೇ ಇರುವುದಿಲ್ಲ, ಮೋಸ ಇರುವುದೇ ಅಲ್ಲಿ. ಎದೆ ನೋವು ಬಂದರೆ ಎಂಥ ಗಟ್ಟಿ ಮನುಷ್ಯನೂ ಹೆದರಿ ಆಸ್ಪತ್ರೆಗೆ ಓಡುತ್ತಾನೆ. ಕೈ ಸೋತರೆ "ಮಗ್ಗುಲಾಗಿ ಮಲಗಿದ್ದೆ, ಜೋಮು ಹಿಡಿದಿರಬೇಕು" ಎಂದು ತಿಕ್ಕುತ್ತ ಕೂರುತ್ತಾನೆ.

ಸಂಶಯ ಬಂದ ಕೂಡಲೇ ಎದುರು ಕೂರಿಸಿ ಮೂರು ಕೆಲಸ ಮಾಡಿಸಿ. ಹಲ್ಲು ಕಾಣುವಂತೆ ನಗಿಸಿ. ಬಾಯಿಯ ಒಂದು ಮೂಲೆ ಮೇಲೇಳದಿದ್ದರೆ ಅದು ಒಂದು ಗುರುತು. ಕಣ್ಣು ಮುಚ್ಚಿಸಿ, ಎರಡೂ ಕೈ ಮುಂದಕ್ಕೆ ಚಾಚಿಸಿ, ಅಂಗೈ ಆಕಾಶ ನೋಡುವಂತೆ ಹಿಡಿಸಿ, ನೀವು ಹತ್ತರವರೆಗೆ ಎಣಿಸಿ. ಸೋತ ಕೈ ತಾನಾಗಿ ಕೆಳಗಿಳಿಯುತ್ತದೆ, ಅಂಗೈ ಒಳಕ್ಕೆ ತಿರುಗುತ್ತದೆ. ಮೂರನೆಯದು ಮಾತು. ಇದಕ್ಕೆ ದಯವಿಟ್ಟು "ತರೀಕೆರೆ ಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ" ಹೇಳಿಸಬೇಡಿ! ಒಬ್ಬರ ಮನೆಯಲ್ಲಿ ಮೊಮ್ಮಗ ಅಜ್ಜನಿಗೆ ಅದನ್ನೇ ಹೇಳಿಸಿ, ಅಜ್ಜ ತಪ್ಪಿದರು ಎಂದು ಮಧ್ಯರಾತ್ರಿ ನನ್ನನ್ನು ಎಬ್ಬಿಸಿದ್ದ. ಅದನ್ನು ಹೇಳಹೊರಟರೆ ನಾನೂ ತಪ್ಪುತ್ತೇನೆ. "ಇವತ್ತು ಯಾವ ವಾರ? ನಿಮ್ಮ ಮಕ್ಕಳ ಹೆಸರೇನು? ಬೆಳಿಗ್ಗೆ ಏನು ತಿಂದಿರಿ?" ಇಷ್ಟು ಸಾಕು. ಮಾತು ತೊದಲಬಹುದು, ಬೇರೇನೋ ಶಬ್ದ ಬರಬಹುದು, ಅಥವಾ ನೀವು ಕೇಳಿದ್ದೇ ಅವರಿಗೆ ಅರ್ಥವಾಗದೆ ಇರಬಹುದು. ಮೂರರಲ್ಲಿ ಒಂದು ಕೆಟ್ಟಿದ್ದರೂ ಹೊರಡಿ. ಮೂರೂ ಕೆಡಲಿ ಎಂದು ಕಾಯಬೇಡಿ.

ಈ ಮೂರಕ್ಕೂ ಸಿಗದವು ಕೆಲವಿವೆ. ಒಂದು ಕಣ್ಣು ಅಥವಾ ನೋಟದ ಅರ್ಧ ಭಾಗ ಇದ್ದಕ್ಕಿದ್ದಂತೆ ಕತ್ತಲಾಗುವುದು, ಒಂದು ಎರಡಾಗಿ ಕಾಣುವುದು, ಭೂಮಿ ತಿರುಗಿ ವಾಂತಿಯಾಗಿ ನಿಲ್ಲಲೇ ಆಗದಿರುವುದು. ಮಿದುಳಿನ ಹಿಂಭಾಗದ ಲಕ್ವ ಹೀಗೆ ಬರುತ್ತದೆ. ನಮ್ಮಲ್ಲಿ ಅತಿ ಹೆಚ್ಚು "ಪಿತ್ತ" ಆಗುವುದು ಇದೇ. ಇನ್ನೊಂದು, ತಲೆಯ ಮೇಲೆ ಯಾರೋ ಹೊಡೆದ ಹಾಗೆ ಒಂದೇ ಏಟಿಗೆ ಬರುವ, ಹಿಂದೆಂದೂ ಕಾಣದ ತಲೆನೋವು. ಮಿದುಳಿನ ಸುತ್ತ ರಕ್ತ ಸುರಿದಾಗ ಹಾಗಾಗುತ್ತದೆ.

ನಿಮ್ಮ ತಾಯಿಗೆ ಕುಡಿಸಿದ ಪಾನಕದ ಬಗ್ಗೆ ಒಂದು ಮಾತು. ಲಕ್ವದಲ್ಲಿ ನುಂಗುವ ಶಕ್ತಿಯೂ ಕೆಟ್ಟಿರಬಹುದು, ಕುಡಿಸಿದ್ದು ಶ್ವಾಸಕೋಶಕ್ಕೆ ಇಳಿಯಬಹುದು. ನೀರು, ಕಾಫಿ, ಮಾತ್ರೆ, ತೀರ್ಥ, ಯಾವುದೂ ಬಾಯಿಗೆ ಬೇಡ.

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಳಗಿನ ಹಳ್ಳಿ. ಮೊಬೈಲಿಗೆ ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು. ನಾಲ್ಕೂವರೆ ಗಂಟೆಯೊಳಗೆ ಇಂಜೆಕ್ಷನ್ ಎನ್ನುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಹಾರ್ಟ್ ಅಟ್ಯಾಕಿಗೆ ಇಂಜೆಕ್ಷನ್ ಕೊಡುತ್ತಾರಲ್ಲ, ಲಕ್ವಕ್ಕೂ ಅದನ್ನೇ ಅಲ್ಲೇ ಯಾಕೆ ಕೊಡಬಾರದು?
(ಕೃಷಿಕರೊಬ್ಬರು)

ಉತ್ತರ: ಈ ರಾಶಿಯಲ್ಲಿ ಬಂದ ಅತಿ ಜಾಣ ಪ್ರಶ್ನೆ ಇದು.

ಹೌದು, ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಹೃದಯಾಘಾತಕ್ಕೆ ಕೊಡುವ ಟೆನೆಕ್ಟೆಪ್ಲೇಸ್ ಎಂಬ ಇಂಜೆಕ್ಷನ್ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವಂಥದ್ದು. ಲಕ್ವಕ್ಕೂ ಅದೇ ಔಷಧಿ, ಇಲ್ಲವೇ ಅದರ ಅಣ್ಣ ಆಲ್ಟೆಪ್ಲೇಸ್. ಆದರೆ ಹೃದಯದ ಸಮಾಚಾರವನ್ನು ಇಸಿಜಿ ಹೇಳಿಬಿಡುತ್ತದೆ. ಮಿದುಳಿಗೆ ಅಂಥದ್ದಿಲ್ಲ. ಲಕ್ವ ಎರಡು ಬಗೆ: ರಕ್ತನಾಳ ಕಟ್ಟಿಕೊಂಡು ಆಗುವುದು, ರಕ್ತನಾಳ ಒಡೆದು ಆಗುವುದು. ಕಟ್ಟಿಕೊಂಡದ್ದೇ ಹೆಚ್ಚು, ಆದರೆ ಒಡೆದದ್ದೂ ಕಡಿಮೆಯೇನಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ನನ್ನ ಸರ್ವೀಸಿನಲ್ಲಿ ಬರೀ ಕಣ್ಣಳತೆಯಲ್ಲಿ ಇದು ಕಟ್ಟಿದ್ದು, ಇದು ಒಡೆದದ್ದು ಅಂತ ಹೇಳಹೋಗಿ ಎಷ್ಟೋ ಸಲ ತಪ್ಪಿದ್ದೇನೆ. ಒಡೆದ ನಾಳಕ್ಕೆ ಕರಗಿಸುವ ಔಷಧಿ ಕೊಟ್ಟರೆ ಉರಿಯುವ ಮನೆಗೆ ಸೀಮೆಎಣ್ಣೆ ಸುರಿದ ಹಾಗೆ. ಅದನ್ನು ಬೇರ್ಪಡಿಸಿ ತೋರಿಸುವುದು ತಲೆಯ ಸಿ.ಟಿ. ಸ್ಕ್ಯಾನ್. ಸ್ಕ್ಯಾನ್ ತೆಗೆಯಲು ಹಿಡಿಯುವುದು ಕೆಲವೇ ನಿಮಿಷ, ಆದರೆ ಆ ಯಂತ್ರ ಹೆಚ್ಚಿನ ತಾಲ್ಲೂಕು ಆಸ್ಪತ್ರೆಗಳಲ್ಲಿಲ್ಲ. ಆದ್ದರಿಂದ ಲಕ್ವದಲ್ಲಿ ನಿಮಗೆ ಬೇಕಾದ್ದು "ಹತ್ತಿರದ ಆಸ್ಪತ್ರೆ" ಅಲ್ಲ, "ಸ್ಕ್ಯಾನ್ ಇದ್ದು ಇಂಜೆಕ್ಷನ್ ಕೊಡುವ ಆಸ್ಪತ್ರೆಗಳ ಪೈಕಿ ಹತ್ತಿರದ್ದು". ನಮ್ಮ ಭಾವನ ಕಾಲು ಕೊಟ್ಟು ನಾನು ಕಲಿತದ್ದು ಇದನ್ನೇ. ಉಸಿರಾಟವೇ ಕೆಟ್ಟಿದ್ದರೆ, ಎಚ್ಚರ ತಪ್ಪಿದ್ದರೆ ಮಾತು ಬೇರೆ. ಆಗ ಮೊದಲು ಸಿಕ್ಕ ಆಸ್ಪತ್ರೆಯಲ್ಲಿ ಉಸಿರು ಸರಿಮಾಡಿಸಿಕೊಂಡೇ ಮುಂದೆ ಹೋಗಬೇಕು.

ನಾಲ್ಕೂವರೆ ಗಂಟೆ ಎಂಬ ಲೆಕ್ಕ ಎಲ್ಲಿಂದ ಬಂತು? 1995ರಲ್ಲಿ ಅಮೆರಿಕದ ಅಧ್ಯಯನವೊಂದು ಮೂರು ಗಂಟೆಯೊಳಗೆ ಈ ಇಂಜೆಕ್ಷನ್ ಕೊಟ್ಟರೆ ಪ್ರಯೋಜನವಿದೆ ಎಂದು ತೋರಿಸಿತು. 2008ರಲ್ಲಿ ಯುರೋಪಿನ ಅಧ್ಯಯನ ಅದನ್ನು 4.5 ಗಂಟೆಗೆ ಎಳೆಯಿತು. ಆದರೆ ಅದು ಗಡುವು, ಮುಹೂರ್ತ ಅಲ್ಲ. ಒಂದು ಗಂಟೆಗೆ ಕೊಟ್ಟ ಇಂಜೆಕ್ಷನ್ನಿಗೂ ನಾಲ್ಕು ಗಂಟೆಗೆ ಕೊಟ್ಟದ್ದಕ್ಕೂ ಬಹಳ ಅಂತರ. ದೊಡ್ಡ ನಾಳ ಕಟ್ಟಿದ ಲಕ್ವದಲ್ಲಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಎಂದು 2006ರಲ್ಲಿ ಒಬ್ಬರು ಲೆಕ್ಕ ಹಾಕಿದ್ದಾರೆ.

ಹಾಗಂತ ನಾಲ್ಕೂವರೆ ಗಂಟೆ ದಾಟಿತು ಎಂದು ಕೈಚೆಲ್ಲಿ ಕೂರಬೇಡಿ. ತೊಡೆಸಂದಿನ ರಕ್ತನಾಳದಿಂದ ತೆಳ್ಳಗಿನ ಕೊಳವೆ ಏರಿಸಿ ಮಿದುಳಿನ ದೊಡ್ಡ ನಾಳದಲ್ಲಿ ಕೂತ ಹೆಪ್ಪನ್ನು ಹೊರಗೆಳೆಯುವ ಚಿಕಿತ್ಸೆ ಈಗಿದೆ. 2018ರ ಅಧ್ಯಯನಗಳ ನಂತರ, ಸ್ಕ್ಯಾನ್ ನೋಡಿ ಆಯ್ದ ಕೆಲವರಿಗೆ 24 ಗಂಟೆಯವರೆಗೂ ಅದನ್ನು ಮಾಡುತ್ತಾರೆ. ಎಲ್ಲ ಊರಲ್ಲೂ ಇಲ್ಲ, ಎಲ್ಲ ರೋಗಿಗೂ ಅಲ್ಲ.

ನಿಮ್ಮ ಊರಿಗೆ ಬರೋಣ. ನಾನಿರುವ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿ.ಮೀ., ಮಂಡಗದ್ದೆ, ಸಕ್ರೆಬೈಲು ದಾಟಿ. ಆ ಕಡೆ ಮಣಿಪಾಲಕ್ಕೆ ಹೋದರೆ ಆಗುಂಬೆ ಘಾಟಿಯ 14 ತಿರುವು, ಮಳೆಗಾಲದಲ್ಲಿ ಮರ ಬಿದ್ದರೆ ಅಲ್ಲಿಗೆ ಮುಗಿಯಿತು. ರೋಗಿಯನ್ನು ಜೀಪಿಗೆ ಹತ್ತಿಸಿದ ಮೇಲೆ "ಶಿವಮೊಗ್ಗಕ್ಕೋ ಮಣಿಪಾಲಕ್ಕೋ" ಎಂದು ಚರ್ಚೆ ಶುರುವಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ರಸ್ತೆ ತಿನ್ನುವುದಕ್ಕಿಂತ ಹೆಚ್ಚು ಸಮಯವನ್ನು ಇಂಥ ಚರ್ಚೆ ತಿನ್ನುತ್ತದೆ. ಆದ್ದರಿಂದ ಈ ವಾರವೇ, ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿರುವಾಗಲೇ, ನಿಮಗೆ ಸಾಧ್ಯವಿರುವ ಎರಡು-ಮೂರು ಆಸ್ಪತ್ರೆಗಳಿಗೆ ಫೋನು ಮಾಡಿ ಕೇಳಿ. ಸಿ.ಟಿ. ಸ್ಕ್ಯಾನ್ ರಾತ್ರಿಯೂ ಭಾನುವಾರವೂ ನಡೆಯುತ್ತದೆಯೇ? ಲಕ್ವಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುತ್ತೀರಾ, ರಾತ್ರಿ ಹೊತ್ತಿನಲ್ಲೂ? "ನರರೋಗ ತಜ್ಞರು ಗುರುವಾರ ಬರುತ್ತಾರೆ" ಎಂಬ ಉತ್ತರ ಬಂದರೆ ಆ ಹೆಸರು ಹೊಡೆದುಹಾಕಿ. ಉಳಿದ ಹೆಸರು, ನಂಬರು ಕ್ಯಾಲೆಂಡರಿನ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ.

108 ನಮ್ಮ ರಾಜ್ಯದಲ್ಲಿ 2008ರ ರಾಜ್ಯೋತ್ಸವದ ದಿನದಿಂದ ಓಡುತ್ತಿದೆ. ಫೋನಿನಲ್ಲಿ "ಹುಷಾರಿಲ್ಲ" ಅನ್ನಬೇಡಿ. "ಲಕ್ವ ಅನ್ನಿಸ್ತಿದೆ, ಏಳು ಗಂಟೆಗೆ ಶುರುವಾಯ್ತು, ಸ್ಕ್ಯಾನ್ ಇರೋ ಆಸ್ಪತ್ರೆಗೆ ಹೋಗ್ಬೇಕು" ಅನ್ನಿ. ಗಾಡಿ ಬರಲು ಮುಕ್ಕಾಲು ಗಂಟೆ ಎಂದರೆ ಪಕ್ಕದ ಮನೆಯ ಜೀಪು ತೆಗೆಸಿ. ಒಬ್ಬರು ಗುಡ್ಡ ಹತ್ತಿ ಆಸ್ಪತ್ರೆಗೆ "ಲಕ್ವದ ರೋಗಿ ಬರ್ತಿದ್ದಾರೆ" ಎಂದು ಮುಂಚಿತವಾಗಿ ತಿಳಿಸಲಿ. ರೋಗಿಯನ್ನು ಮಗ್ಗುಲಾಗಿ ಮಲಗಿಸಿ, ಕಟ್ಟಿಸಿದ ಹಲ್ಲಿದ್ದರೆ ತೆಗೆಯಿರಿ. ಮನೆಯಲ್ಲಿ ಶುಗರ್ ನೋಡುವ ಯಂತ್ರವಿದ್ದರೆ ಒಂದು ಹನಿ ನೋಡಿ ಆ ಅಂಕಿ ಬರೆದುಕೊಳ್ಳಿ. ಶುಗರ್ ತೀರಾ ಇಳಿದರೂ ಲಕ್ವದಂತೆಯೇ ಕಾಣುತ್ತದೆ. ತಿನ್ನುತ್ತಿದ್ದ ಮಾತ್ರೆಯ ಚೀಲ, ಅದರಲ್ಲೂ ರಕ್ತ ತೆಳುಮಾಡುವ ಮಾತ್ರೆ ಇದ್ದರೆ ಅದು, ಜೊತೆಗೆ ರೇಷನ್ ಕಾರ್ಡು. ಎಲ್ಲಕ್ಕಿಂತ ಮುಖ್ಯ, ಶುರುವಾದದ್ದನ್ನು ಕಂಡವರು ಗಾಡಿಯಲ್ಲಿ ಜೊತೆಗೆ ಬರಬೇಕು. ಊರಿನ ಹಿರಿಯರು ನಾಲ್ಕು ಜನ ಬಂದು, ಕಂಡ ಸೊಸೆ ಮನೆಯಲ್ಲೇ ಉಳಿದರೆ, "ಎಷ್ಟು ಹೊತ್ತಿಗೆ ಶುರುವಾಯ್ತು?" ಎಂಬ ಡಾಕ್ಟರ ಮೊದಲ ಪ್ರಶ್ನೆಗೇ ಉತ್ತರವಿಲ್ಲ.

ಪ್ರಶ್ನೆ: ನಮ್ಮ ಯಜಮಾನರಿಗೆ ಹತ್ತು ನಿಮಿಷ ಬಲಗೈ ಬಿದ್ದುಹೋಗಿತ್ತು, ಮಾತು ನಿಂತಿತ್ತು. ಆಮೇಲೆ ತಾನಾಗಿಯೇ ಸರಿಯಾಯಿತು. ಅಂಗಡಿಗೂ ಹೋಗಿಬಂದರು. ದೇವರು ದೊಡ್ಡವನು. ಮುಂದಿನ ತಿಂಗಳು ಚೆಕಪ್ ಮಾಡಿಸಿದರೆ ಸಾಕೇ?
(ಗೃಹಿಣಿ, ದಾವಣಗೆರೆ)

ಉತ್ತರ: ಸಾಲದು ಅಮ್ಮ. ಮುಂದಿನ ತಿಂಗಳಲ್ಲ, ಅವತ್ತೇ ಹೋಗಬೇಕಿತ್ತು. ಈ ಪತ್ರ ನನ್ನ ಕೈಗೆ ಬಂದ ದಿನವೇ ಸಂಪಾದಕರಿಂದ ನಿಮ್ಮ ನಂಬರು ಪಡೆದು ಫೋನು ಮಾಡಿದ್ದೆ, ನೆನಪಿರಬಹುದು. ಉಳಿದ ಓದುಗರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಇದು ಕಿರು ಲಕ್ವ. ಹೆಪ್ಪು ಬಂದು ಕೂತು, ತಾನಾಗಿ ಕರಗಿ ಸರಿದುಹೋಗಿದೆ. ಅದನ್ನು ಕಳಿಸಿದ ಜಾಗ ಮಾತ್ರ ಹಾಗೆಯೇ ಇದೆ. 2000ರಲ್ಲಿ ಕ್ಯಾಲಿಫೋರ್ನಿಯಾದ ಅಧ್ಯಯನವೊಂದು ಹೀಗೆ ಬಂದು ಸರಿಹೋದ 1,707 ಜನರ ಜಾಡು ಹಿಡಿಯಿತು. ಮೂರು ತಿಂಗಳಲ್ಲಿ 180 ಜನರಿಗೆ ಪೂರ್ತಿ ಲಕ್ವ ಆಯಿತು, ಅದರಲ್ಲಿ ಅರ್ಧದಷ್ಟು ಮೊದಲ ಎರಡೇ ದಿನದಲ್ಲಿ. ಆ ಎರಡು ದಿನದಲ್ಲಿ ಆಸ್ಪತ್ರೆಯವರು ಕತ್ತಿನ ರಕ್ತನಾಳ ಕಟ್ಟಿದೆಯೇ, ಹೃದಯದ ಬಡಿತ ತಾಳ ತಪ್ಪಿದೆಯೇ ಎಂದು ನೋಡುತ್ತಾರೆ. ಸ್ಕ್ಯಾನ್ ನೋಡಿ, ಎಷ್ಟೋ ಸಲ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎರಡು ಬಗೆಯ ಮಾತ್ರೆ ಮೂರು ವಾರದ ಮಟ್ಟಿಗೆ ಕೊಡುತ್ತಾರೆ. ಹತ್ತು ರೂಪಾಯಿಯ ಮಾತ್ರೆಯಿಂದ ಇಷ್ಟು ಲಾಭ ಸಿಗುವ ಜಾಗ ವೈದ್ಯಶಾಸ್ತ್ರದಲ್ಲಿ ಹೆಚ್ಚಿಲ್ಲ. ತಾಳ ತಪ್ಪಿದ ಹೃದಯವಾದರೆ ಔಷಧಿಯೇ ಬೇರೆ, ಹಾಗಾಗಿ ಅಂಗಡಿಯಿಂದ ನೀವೇ ತಂದು ನುಂಗಿಸುವಂತಿಲ್ಲ.

ಪ್ರಶ್ನೆ: ಲಕ್ವ ಹೊಡೆದ ತಕ್ಷಣ ಹತ್ತೂ ಬೆರಳ ತುದಿಗೆ, ಕಿವಿಯ ಹಾಲೆಗೆ ಸೂಜಿ ಚುಚ್ಚಿ ರಕ್ತ ಬರಿಸಿದರೆ ಸರಿಹೋಗುತ್ತದೆ ಎಂದು ವಾಟ್ಸಾಪಿನಲ್ಲಿ ಬಂದಿದೆ. ನಿಜವೇ? ಆಸ್ಪಿರಿನ್ ಮಾತ್ರೆ, ಎದೆನೋವಿಗೆ ನಾಲಿಗೆಯಡಿ ಇಡುವ ಸಾರ್ಬಿಟ್ರೇಟ್ ಕೊಡಬಹುದೇ? ಬಿಪಿ 200 ಇದ್ದರೆ ಇಳಿಸುವ ಮಾತ್ರೆ?
(ಶಿಕ್ಷಕರು, ರಾಯಚೂರು ಜಿಲ್ಲೆ)

ಉತ್ತರ: ಸೂಜಿಯದು ಶುದ್ಧ ಸುಳ್ಳು. ಹತ್ತು ಬೆರಳು ಚುಚ್ಚುವಷ್ಟರಲ್ಲಿ ಹತ್ತು ನಿಮಿಷ ಹೋಯಿತು, ಮೇಲೆ ಹೇಳಿದ ಲೆಕ್ಕದಲ್ಲಿ ಅದೆಷ್ಟು ನರಕೋಶ ಎಂದು ಮಕ್ಕಳ ಕೈಲಿ ಗುಣಾಕಾರ ಮಾಡಿಸಿ, ಮೇಷ್ಟ್ರೇ. ಪಾರಿವಾಳದ ರಕ್ತ ಹಚ್ಚುವುದೂ ಅದೇ ಜಾತಿ.

ಆಸ್ಪಿರಿನ್ ಹೃದಯಾಘಾತಕ್ಕೆ ಸರಿ, ಲಕ್ವಕ್ಕೆ ಸ್ಕ್ಯಾನ್ ಆಗುವವರೆಗೆ ಬೇಡ. ಒಡೆದ ನಾಳವಾಗಿದ್ದರೆ? ಸಾರ್ಬಿಟ್ರೇಟ್ ಬಿಪಿ ಇಳಿಸುತ್ತದೆ, ಅದೂ ಬೇಡ.

ಬಿಪಿ ವಿಷಯದಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ. ತೊಂಬತ್ತರ ದಶಕದಲ್ಲಿ ನಾವೆಲ್ಲ ನಿಫೆಡಿಪಿನ್ ಕ್ಯಾಪ್ಸೂಲಿಗೆ ಸೂಜಿ ಚುಚ್ಚಿ ರೋಗಿಯ ನಾಲಿಗೆಯಡಿ ಹಿಂಡುತ್ತಿದ್ದೆವು. 220 ಇದ್ದ ಬಿಪಿ ಕಣ್ಣೆದುರೇ 130ಕ್ಕೆ ಇಳಿಯುತ್ತಿತ್ತು, ಮನೆಯವರು ಕೈಮುಗಿಯುತ್ತಿದ್ದರು. ನಾಳ ಕಟ್ಟಿದಾಗ ಅಕ್ಕಪಕ್ಕದ ಸಣ್ಣ ದಾರಿಗಳಲ್ಲಿ ರಕ್ತ ನುಗ್ಗಿಸಲೆಂದೇ ದೇಹ ಬಿಪಿಯನ್ನು ಏರಿಸಿಕೊಂಡಿರುತ್ತದೆ. ಅದನ್ನು ಧಡಕ್ಕನೆ ಕೆಡವಿದರೆ ಉಳಿಯಬಹುದಾಗಿದ್ದ ಮಿದುಳೂ ಒಣಗುತ್ತದೆ. ಇಂಜೆಕ್ಷನ್ ಕೊಡುವ ಮುಂಚೆ 185/110ಕ್ಕಿಂತ ಕೆಳಗೆ ತರುತ್ತಾರೆ, ಇಂಜೆಕ್ಷನ್ ಇಲ್ಲದ, ನಾಳ ಕಟ್ಟಿದ ಲಕ್ವದಲ್ಲಿ 220/120ರವರೆಗೂ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಅದೆಲ್ಲ ಸ್ಕ್ಯಾನ್ ಆದ ಮೇಲೆ, ಆಸ್ಪತ್ರೆಯಲ್ಲಿ, ಹನಿಹನಿಯಾಗಿ. ಮನೆಯಲ್ಲಲ್ಲ.

ಪ್ರಶ್ನೆ: ನನಗೆ 29. ಬೆಳಿಗ್ಗೆ ಮುಖ ತೊಳೆಯುವಾಗ ಬಾಯಿಂದ ನೀರು ಸೋರಿತು, ಒಂದು ಕಣ್ಣು ಮುಚ್ಚುತ್ತಿಲ್ಲ. ಕೈಕಾಲು, ಮಾತು ಸರಿಯಿದೆ. ಲಕ್ವವೇ?

ಉತ್ತರ: ಹುಬ್ಬು ಮೇಲೇರಿಸಿ ನೋಡಿ. ಸೋತ ಕಡೆ ಹಣೆಯಲ್ಲೂ ನೆರಿಗೆ ಬೀಳದಿದ್ದರೆ, ಕಣ್ಣೂ ಮುಚ್ಚದಿದ್ದರೆ, ಅದು ಹೆಚ್ಚಾಗಿ ಮುಖದ ನರದ ಊತ. ಲಕ್ವದಲ್ಲಿ ಸಾಮಾನ್ಯವಾಗಿ ಹಣೆ ಉಳಿದುಕೊಂಡು ಬಾಯಿ ಮಾತ್ರ ವಾರೆಯಾಗುತ್ತದೆ. ಆದರೆ ಈ ತೀರ್ಪು ಕನ್ನಡಿ ಮುಂದೆ ನಿಂತು ನೀವು ಕೊಡುವುದಲ್ಲ, ಅವತ್ತೇ ಡಾಕ್ಟರಿಗೆ ತೋರಿಸಿ. ಮುಖದ ನರದ್ದೇ ಆದರೂ ಅದರ ಮಾತ್ರೆ ಮೂರು ದಿನದೊಳಗೆ ಶುರುವಾಗಬೇಕು. ಮುಚ್ಚದ ಕಣ್ಣಿಗೆ ಧೂಳು ಬೀಳದಂತೆ ನೋಡಿಕೊಳ್ಳಿ.

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಮೈಸೂರಲ್ಲಿ ಅಪ್ಪ-ಅಮ್ಮ ಇಬ್ಬರೇ. ಇಲ್ಲಿ 911 ಒತ್ತಿದರೆ ಎಲ್ಲ ತಾನಾಗಿ ನಡೆಯುತ್ತದೆ. ಅಲ್ಲಿಗೆ ನಾನು ಇಲ್ಲಿಂದ ಏನು ವ್ಯವಸ್ಥೆ ಮಾಡಬಹುದು?

ಉತ್ತರ: ದುಡ್ಡು ಕಳಿಸುವುದಕ್ಕಿಂತ ಉಪಯೋಗದ ಕೆಲಸ ಇದೆ. ಮುಂದಿನ ಸಲ ಬಂದಾಗ ಒಂದು ಬೆಳಿಗ್ಗೆ ಅದಕ್ಕೆ ಮೀಸಲಿಡಿ.

ಅಪ್ಪ-ಅಮ್ಮನ ಫೋನಿನಲ್ಲಿ ಮೊದಲ ನಂಬರು ನಿಮ್ಮದಿರುತ್ತದೆ, ಪಂಥ ಬೇಕಾದರೆ ಕಟ್ಟುತ್ತೇನೆ. ಅದನ್ನು ತೆಗೆದುಹಾಕಿ! ಅಮ್ಮನಿಗೆ ಕೈ ಬಿದ್ದರೆ ಅಪ್ಪ ಗಾಬರಿಯಲ್ಲಿ ಮೊದಲು ಒತ್ತುವುದು ಮಗನ ನಂಬರು, ಅಲ್ಲಿ ಆಗ ಮಧ್ಯರಾತ್ರಿ, ನೀವು ಎದ್ದು ಮೈಸೂರಿನ ಚಿಕ್ಕಪ್ಪನಿಗೆ ಫೋನು ಮಾಡಿ, ಚಿಕ್ಕಪ್ಪ ಸ್ನಾನಕ್ಕೆ ಹೋಗಿದ್ದು, ಹೀಗೆ ಅರ್ಧ ಗಂಟೆ. ಮೊದಲನೆಯದು 108 ಇರಲಿ, ಅದು ಸಿಗದಿದ್ದರೆ 112. ಎರಡನೆಯದು ಅದೇ ಬೀದಿಯಲ್ಲಿರುವ, ಕಾರು ಓಡಿಸುವ ಒಬ್ಬರು. ಮನೆಯ ಇನ್ನೊಂದು ಕೀಲಿ ಅವರ ಬಳಿ ಇರಲಿ. ನೀವು ಮೂರನೆಯವರು. ಕೇಳಲು ಕಹಿ, ಆದರೆ ಎಂಟು ಸಾವಿರ ಮೈಲಿ ದೂರದವರು ಮೊದಲನೆಯವರಾಗಲು ಸಾಧ್ಯವಿಲ್ಲ.

ಫ್ರಿಜ್ಜಿನ ಮೇಲೆ ಒಂದು ಹಾಳೆ ಅಂಟಿಸಿ: ಇಬ್ಬರ ಕಾಯಿಲೆ, ಮಾತ್ರೆಯ ಹೆಸರು, ಹೋಗಬೇಕಾದ ಆಸ್ಪತ್ರೆ, ಇನ್ಶೂರೆನ್ಸ್ ಅಥವಾ ಆಯುಷ್ಮಾನ್ ಕಾರ್ಡು ಎಲ್ಲಿದೆ. ಇನ್ನೊಂದು ಮಾತು. ಲಕ್ವ ನಿದ್ದೆಯಲ್ಲೂ ಬರುತ್ತದೆ. ಆಗ ಗಡಿಯಾರ ಶುರುವಾಗುವುದು ಎದ್ದಾಗಿನಿಂದಲ್ಲ, ಕೊನೆಯ ಸಲ ಚೆನ್ನಾಗಿದ್ದದ್ದು ಯಾವಾಗ ಎಂಬಲ್ಲಿಂದ. "ರಾತ್ರಿ ಹತ್ತಕ್ಕೆ ಮಲಗಿದರು" ಎನ್ನುವುದಕ್ಕೂ "ನಾಲ್ಕು ಗಂಟೆಗೆ ಬಾತ್‌ರೂಮಿಗೆ ಎದ್ದಾಗ ಚೆನ್ನಾಗಿ ಮಾತಾಡಿದರು" ಎನ್ನುವುದಕ್ಕೂ ಆರು ಗಂಟೆ ವ್ಯತ್ಯಾಸ. ಅಪ್ಪನಿಗೆ ಇದೊಂದನ್ನು ಹೇಳಿಕೊಡಿ.

ಪ್ರಶ್ನೆ: ಮಗಳ ಹೆರಿಗೆಯಾಗಿ 12 ದಿನ. ಮೂರು ದಿನದಿಂದ ವಿಪರೀತ ತಲೆನೋವು, ವಾಂತಿ. ಬಾಣಂತಿಗೆ ನೀರು ಕೊಡಬಾರದೆಂದು ಅತ್ತೆ ಮನೆಯವರು ಎರಡು ಲೋಟಕ್ಕಿಂತ ಹೆಚ್ಚು ಬಿಡುವುದಿಲ್ಲ. ನಂಜೇ?

ಉತ್ತರ: ಈ ಪತ್ರಕ್ಕೂ ಫೋನಿನಲ್ಲೇ ಉತ್ತರ ಹೋಗಿದೆ. ಹುಡುಗಿ ಈಗ ಆಸ್ಪತ್ರೆಯಲ್ಲಿ, ಚೇತರಿಸಿಕೊಳ್ಳುತ್ತಿದ್ದಾಳೆ.

ಲಕ್ವ ಅಂದರೆ ಮುದುಕರ ಕಾಯಿಲೆ ಅಂದುಕೊಂಡವರು ಇದನ್ನು ಓದಿ. ಹೆರಿಗೆಯ ನಂತರದ ವಾರಗಳಲ್ಲಿ ಹೆಂಗಸರ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಅದರ ಮೇಲೆ ನೀರೂ ಕೊಡದಿದ್ದರೆ ಮಿದುಳಿನಿಂದ ರಕ್ತ ವಾಪಸು ಒಯ್ಯುವ ಸಿರೆಗಳಲ್ಲಿ ಹೆಪ್ಪು ಕೂರಬಹುದು. ಇದು ಒಂದೇ ಏಟಿಗೆ ಬರುವುದಿಲ್ಲ. ತಲೆನೋವು, ವಾಂತಿ, ಆಮೇಲೆ ಫಿಟ್ಸ್, ಆಮೇಲೆ ಕೈಕಾಲು ಸೋಲುವುದು, ಹೀಗೆ ದಿನಗಟ್ಟಲೆ ಏರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು ಬಾಣಂತಿಯರ ಈ ಕಾಯಿಲೆಯ ಮೇಲೆ ದಶಕಗಳಿಂದ ಕೆಲಸ ಮಾಡಿದ್ದಾರೆ. ಬೇಗ ಗುರುತಿಸಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಕೊಟ್ಟರೆ ಹೆಚ್ಚಿನವರು ಎದ್ದು ಮಗು ಎತ್ತಿಕೊಳ್ಳುತ್ತಾರೆ. ಆದರೆ ಫಿಟ್ಸ್ ಬಂದದ್ದನ್ನು "ಮೈಮೇಲೆ ಬಂತು" ಎಂದು ಬೇರೆ ಕಡೆ ಕರೆದೊಯ್ಯುವವರು ಇನ್ನೂ ಇದ್ದಾರೆ.

ಬಾಣಂತಿ ಬಿಸಿ ಕೋಣೆಯಲ್ಲಿ ಕೂತು, ಹಾಲೂಡಿಸುತ್ತ, ಬೆವರುತ್ತ ಇರುತ್ತಾಳೆ. ಬಿಸಿ ನೀರೋ, ಜೀರಿಗೆ ಕಷಾಯವೋ, ನಿಮ್ಮ ಶಾಸ್ತ್ರಕ್ಕೆ ಯಾವುದು ಒಪ್ಪುತ್ತದೋ ಅದೇ ಆಗಲಿ, ಕೇಳಿದಷ್ಟು ಕೊಡಿ. ಹೊಟ್ಟೆ ದಪ್ಪ ಬರುವುದು ನೀರಿನಿಂದಲ್ಲ, ಲೇಹ್ಯದ ತುಪ್ಪದಿಂದ.

ಪ್ರಶ್ನೆ: ಅಪ್ಪನನ್ನು ಎರಡೇ ಗಂಟೆಯೊಳಗೆ ಸ್ಕ್ಯಾನ್ ಇರುವ ಆಸ್ಪತ್ರೆಗೆ ತಲುಪಿಸಿದೆ. ಇಂಜೆಕ್ಷನ್ ಕೊಡಬಹುದು, ಮಿದುಳಿನಲ್ಲಿ ರಕ್ತಸ್ರಾವ ಆಗುವ ಅಪಾಯವೂ ಇದೆ, ಸಹಿ ಹಾಕಿ ಎಂದರು. ಹೆದರಿ ಬೆಂಗಳೂರಿನ ಅಣ್ಣನಿಗೆ ಫೋನು ಮಾಡಿದೆ. ಅವನು ಯಾರೋ ಪರಿಚಯದ ಡಾಕ್ಟರನ್ನು ಕೇಳಿ ಹೇಳುತ್ತೇನೆ ಎಂದ. ಉತ್ತರ ಬರುವ ಹೊತ್ತಿಗೆ ಸಮಯ ಮೀರಿತ್ತು. ಮೂರು ತಿಂಗಳಾಯಿತು, ಅಪ್ಪನ ಬಲಗೈ ಇನ್ನೂ ಬಂದಿಲ್ಲ. ಅಣ್ಣ-ತಮ್ಮ ಮಾತು ಬಿಟ್ಟಿದ್ದೇವೆ. ತಪ್ಪು ಯಾರದು?
(ಓದುಗರು, ಸಾಗರ)

ಉತ್ತರ: ತಪ್ಪಿನ ಮಾತು ಆಮೇಲೆ. ಅವತ್ತು ನಿಮಗೆ ಯಾರಾದರೂ ಬಿಡಿಸಿ ಹೇಳಬೇಕಿದ್ದ ಲೆಕ್ಕ ಮೊದಲು ಹೇಳುತ್ತೇನೆ.

ಆ 1995ರ ಅಧ್ಯಯನದಲ್ಲಿ ಇಂಜೆಕ್ಷನ್ ಪಡೆದ ಪ್ರತಿ ನೂರರಲ್ಲಿ ಆರಕ್ಕಿಂತ ತುಸು ಹೆಚ್ಚು ಜನರಿಗೆ ಮಿದುಳಿನಲ್ಲಿ ರಕ್ತಸ್ರಾವವಾಗಿ ಸ್ಥಿತಿ ಕೆಟ್ಟಿತು. ಪಡೆಯದವರಲ್ಲಿ ಅದು ಒಬ್ಬರಿಗಿಂತ ಕಡಿಮೆ. ಡಾಕ್ಟರು ಹೇಳಿದ ಅಪಾಯ ಸುಳ್ಳಲ್ಲ. ಆದರೆ ಅದೇ ಅಧ್ಯಯನದಲ್ಲಿ ಮೂರು ತಿಂಗಳ ಹೊತ್ತಿಗೆ ಸತ್ತವರು ಇಂಜೆಕ್ಷನ್ ಪಡೆದವರಲ್ಲಿ ನೂರಕ್ಕೆ 17, ಪಡೆಯದವರಲ್ಲಿ 21. ಊನ ಇಲ್ಲದೆ ಅಥವಾ ಅಲ್ಪಸ್ವಲ್ಪ ಊನದೊಂದಿಗೆ ಎದ್ದುಬಂದವರು ಇಂಜೆಕ್ಷನ್ ಪಡೆದವರಲ್ಲೇ ಹೆಚ್ಚು. ರಕ್ತಸ್ರಾವವನ್ನೂ ಸೇರಿಸಿ ಹಾಕಿದ ಲೆಕ್ಕ ಇದು. ಸಹಿಯ ಹಾಳೆಯಲ್ಲಿ ಅಪಾಯ ಮಾತ್ರ ಕಾಣುತ್ತದೆ. ಸಹಿ ಹಾಕದೆ ಇರುವುದರ ಅಪಾಯಕ್ಕೆ ಹಾಳೆ ಇರುವುದಿಲ್ಲ, ಅದಕ್ಕೆ ಯಾರೂ ಸಹಿ ಕೇಳುವುದಿಲ್ಲ.

ಇಂಜೆಕ್ಷನ್ನಿಗೆ ಹತ್ತಾರು ಸಾವಿರ ರೂಪಾಯಿ ಆಗುತ್ತದೆ, ಆ ಯೋಚನೆಯೂ ಮನಸ್ಸಿನ ಮೂಲೆಯಲ್ಲಿ ಇದ್ದಿರಬಹುದು. ನಾಚಿಕೆಪಡಬೇಕಾದ್ದೇನಿಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ಸರ್ಕಾರಿ ಆರೋಗ್ಯ ಯೋಜನೆಯ ನೆರವಿಗೆಂದು ಆರೋಗ್ಯ ಮಿತ್ರ ಎಂಬವರು ಕೂತಿರುತ್ತಾರೆ, ಕಾರ್ಡು ತೋರಿಸಿ ಯಾವುದಕ್ಕೆ ಎಷ್ಟು ಎಂದು ಕೇಳಿ. ಆದರೆ ಒಬ್ಬರು ಅಲ್ಲಿ ನಿಂತಿರುವಾಗ ಇನ್ನೊಬ್ಬರು ಸ್ಕ್ಯಾನಿನ ಬಾಗಿಲಲ್ಲಿರಲಿ.

ಈಗ ತಪ್ಪು. ನೀವು ಮನೆಯ ಕಿರಿಯ ಮಗ. ನಮ್ಮ ಮನೆಗಳಲ್ಲಿ ಕಿರಿಯವನಿಗೆ ಅಪ್ಪನನ್ನು ಎತ್ತಿ ಕಾರಿಗೆ ಹಾಕುವ ಅಧಿಕಾರವಿದೆ, ಸಹಿ ಹಾಕುವ ಅಧಿಕಾರವಿಲ್ಲ. ಅಣ್ಣನಿಗೆ ಸಹಿಯ ಅಧಿಕಾರವಿದೆ, ಅವನ ಕಣ್ಣೆದುರು ಅಪ್ಪನಿಲ್ಲ. ಇದು ನಿಮ್ಮಿಬ್ಬರ ಮನೆಯ ಕಥೆ ಮಾತ್ರವಲ್ಲ. ಕ್ಯಾಶುವಾಲ್ಟಿ ಜಗಲಿಯಲ್ಲಿ ಫೋನು ಕಿವಿಗಿಟ್ಟು ಅತ್ತಿಂದಿತ್ತ ಓಡಾಡುವ ತಮ್ಮಂದಿರನ್ನು ನಾನು ಲೆಕ್ಕವಿಲ್ಲದಷ್ಟು ಕಂಡಿದ್ದೇನೆ. ನಮ್ಮ ಮನೆಯಲ್ಲಿ ಭಾವನ ನಂತರ ಒಂದು ಒಪ್ಪಂದ ಮಾಡಿಕೊಂಡೆವು: ಯಾರು ಗಾಡಿಯಲ್ಲಿ ಜೊತೆಗಿರುತ್ತಾರೋ ಅವರೇ ಸಹಿ, ಆಮೇಲೆ ಏನಾದರೂ ಆದರೆ ಉಳಿದವರು ಬಾಯಿ ಬಿಡುವಂತಿಲ್ಲ. ಅಕ್ಕನ ಸೊಸೆ ಅದನ್ನು ಪಂಚಾಂಗದ ರಟ್ಟಿನ ಮೇಲೆ ಬರೆದು ಎಲ್ಲರಿಂದ ಸಹಿ ಹಾಕಿಸಿದ್ದಾಳೆ, ಭಾವನದೂ ಸೇರಿ.

ಅಣ್ಣನಿಗೆ ನೀವೇ ಫೋನು ಮಾಡಿ. ಅವನೂ ನಿಮ್ಮಷ್ಟೇ ಹೆದರಿದ್ದ. ಅವನನ್ನು ಒಂದು ವಾರ ರಜೆ ಹಾಕಿ ಬರಹೇಳಿ, ಅಪ್ಪನ ಫಿಸಿಯೋಥೆರಪಿಯನ್ನು ದಿನಕ್ಕೆರಡು ಸಲ ಅವನೇ ಮಾಡಿಸಲಿ. ಮೂರು ತಿಂಗಳಾದರೂ ಕೈಗೆ ಇನ್ನೂ ಅವಕಾಶವಿದೆ, ನಿಲ್ಲಿಸಬೇಡಿ. ಎಡಗೈಯಲ್ಲಿ ಉಣ್ಣಲು ನಾಚಿ ಅಪ್ಪ ಎಲ್ಲರ ಜೊತೆ ಊಟಕ್ಕೇ ಕೂರುವುದಿಲ್ಲ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಅಣ್ಣ ಬಂದಿರುವ ಆ ವಾರ ಮನೆಯಲ್ಲಿ ಎಲ್ಲರೂ ಚಮಚ ಹಿಡಿದು ಎಡಗೈಯಲ್ಲೇ ಉಣ್ಣಿ. ಸಾರು ಅಂಗಿಯ ಮೇಲೆ ಚೆಲ್ಲುತ್ತದೆ, ಚೆಲ್ಲಲಿ.